ಇಳಕಲ್ ಮಗ್ಗಕ್ಕೆ ಎಲೆಕ್ಟ್ರಾನಿಕ್ ಜಕಾರ್ಡ್ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಇಳಕಲ್ ಹತ್ತಿರದ ಹಳ್ಳಿ. ಮನೆಯಲ್ಲಿ ನಾಲ್ಕು ಕುಣಿಮಗ್ಗ ಇವೆ. ಅಪ್ಪ, ಕಾಕಾ ಇಬ್ಬರೂ ನೇಯುತ್ತಾರೆ. ಅವ್ವ ಕಂಡಿಕೆಗೆ ನೂಲು ಸುತ್ತುತ್ತಾಳೆ. ಉಳಿದೆರಡು ಮಗ್ಗದ ಮೇಲೆ ಮಜೂರಿ ನೇಕಾರರಿದ್ದಾರೆ. ನಾನು ಟೆಕ್ಸ್‌ಟೈಲ್ ಡಿಪ್ಲೊಮಾ ಮುಗಿಸಿದ್ದೇನೆ. ಹಿಂದೊಮ್ಮೆ ನಮ್ಮೂರಲ್ಲಿ ಡಿಸೈನ್ ತರಬೇತಿ ನಡೆದಿತ್ತು. ಬಂದವರು ಚಂದದ ಚಿತ್ರ ಬರೆದುಕೊಟ್ಟು ಹೋದರು. ಅದರಲ್ಲಿ ಒಂದೂ ಮಗ್ಗ ಏರಲಿಲ್ಲ. ಈಗ ಸಾಲ ಮಾಡಿ, ಮಗ್ಗದ ಮೇಲೆ ಕೂರಿಸಿ ನಮೂನೆ ಮೂಡಿಸುವ ಎಲೆಕ್ಟ್ರಾನಿಕ್ ಜಕಾರ್ಡ್ ಯಂತ್ರ, ಡಿಸೈನ್ ಸಾಫ್ಟ್‌ವೇರ್ ತಂದರೆ ಹೊಸ ನಮೂನೆಯ ಸೀರೆ ಮಾಡಬಹುದು ಅಂತ ನನಗೆ ಅನಿಸುತ್ತದೆ. ಅಪ್ಪ ಬ್ಯಾಡ ಅಂತಾರೆ. ಯಾರು ಸರಿ? ಡಿಸೈನು, ತಂತ್ರಜ್ಞಾನ ಎರಡನ್ನೂ ಕೂಡಿಸುವುದು ಅಂದರೆ ನಮ್ಮಂಥ ಸಣ್ಣ ಮನೆಯಲ್ಲಿ ಏನು ಮಾಡಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಎಲೆಕ್ಟ್ರಾನಿಕ್ ಜಕಾರ್ಡ್‌ಗೆ ಈಗ ಸಾಲ ಮಾಡಬೇಡಿ. ಸಾಫ್ಟ್‌ವೇರ್ ಕಲಿಯುವುದನ್ನು ಮಾತ್ರ ಇವತ್ತೇ ಶುರು ಮಾಡಿ, ಅದಕ್ಕೆ ದುಡ್ಡು ಬೇಕಿಲ್ಲ. ಕೈಯಲ್ಲಿರುವ ಹಣದಲ್ಲಿ ಮೊದಲು ಬಣ್ಣದ ಕೆಲಸ ಸರಿ ಮಾಡಿಕೊಳ್ಳಿ. ನಾಲ್ಕರಲ್ಲಿ ಒಂದು ಮಗ್ಗವನ್ನು ಪ್ರಯೋಗಕ್ಕೆ ಅಂತ ಬಿಡಿ. ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಮನೆಯಲ್ಲಿ ಅಪ್ಪನವರನ್ನು ಒಪ್ಪಿಸಬೇಕಾದವರು ನೀವೇ ಅಲ್ವಾ.

ಮೊದಲು ನಿಮ್ಮ ಸೀರೆಯನ್ನೇ ನೋಡೋಣ. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು, ಹತ್ತಿಯದು. ಸೆರಗಿನ ಹಾಸು ರೇಷ್ಮೆಯದು, ಇಲ್ಲವೇ ಆರ್ಟ್ ಸಿಲ್ಕಿನದು (ಕೃತಕ ರೇಷ್ಮೆ). ಒಂದೇ ಸೀರೆಯಲ್ಲಿ ಎರಡು ಹಾಸು. ಇವೆರಡನ್ನೂ ಕೂಡಿಸುವುದು ಕೊಂಡಿ: ಒಡಲಿನ ಹಾಸಿನ ಕುಣಿಕೆಯೊಳಗೆ ಸೆರಗಿನ ಹಾಸಿನ ಕುಣಿಕೆ. ಈ ಉಪಾಯ ಇಲ್ಲದಿದ್ದರೆ ಕೆಂಪು ರೇಷ್ಮೆ ಸೆರಗು ಬೇಕು ಅಂದವರು ಇಡೀ ಸೀರೆಯ ಉದ್ದಕ್ಕೂ ಕೆಂಪು ರೇಷ್ಮೆ ಹಾಸು ಹಾಕಬೇಕಿತ್ತು. ಕೊಂಡಿ ಇರುವುದರಿಂದ ದುಬಾರಿ ನೂಲು ಕಣ್ಣಿಗೆ ಬೀಳುವ ಕಡೆ ಮಾತ್ರ ಬರುತ್ತದೆ, ಮೈಮೇಲೆ ಇರುವ ಭಾಗ ತಂಪಾದ ಹತ್ತಿಯಾಗಿಯೇ ಉಳಿಯುತ್ತದೆ. ಅಂದ, ಖರ್ಚು, ಉಡುವವರ ಅನುಕೂಲ ಮೂರನ್ನೂ ಒಂದೇ ಏಟಿಗೆ ಬಗೆಹರಿಸಿದ ತಂತ್ರ ಇದು. ಡಿಸೈನು ಮತ್ತು ತಂತ್ರಜ್ಞಾನ ಕೂಡಿದರೆ ಏನಾಗುತ್ತದೆ ಅಂತ ನೀವು ಕೇಳಿದ್ದೀರಿ. ಅದರ ಉತ್ತಮ ಉದಾಹರಣೆ ನಿಮ್ಮ ಪಡಸಾಲೆಯಲ್ಲೇ ಇದೆ.

ಆದರೆ ಕೊಂಡಿಗೆ ಒಂದು ಬೆಲೆ ಇದೆ. ಬೇರೆ ಕಡೆ ಒಮ್ಮೆ ಉದ್ದ ಹಾಸು ಏರಿಸಿದರೆ ಹಲವಾರು ಸೀರೆ ಬರುತ್ತವೆ. ನಿಮ್ಮಲ್ಲಿ ಪ್ರತಿ ಸೀರೆಗೂ ಹಾಸು ಬೇರೆ, ಕೊಂಡಿ ಬೇರೆ. ಲೆಕ್ಕ ಹಾಕಿ ನೋಡಿ. ದಡಿ ಬಿಟ್ಟು ಒಡಲು 40 ಇಂಚು, ಇಂಚಿಗೆ 80 ಎಳೆ ಅಂದುಕೊಳ್ಳೋಣ. ಒಟ್ಟು 3,200 ಎಳೆ ಆಯಿತು. ಎರಡು ಎಳೆಗೆ ಒಂದು ಕುಣಿಕೆ ಅಂದರೂ 1,600 ಕೊಂಡಿ. ಒಂದು ಸೀರೆಗೆ. ನಿಮ್ಮ ಮಗ್ಗದ ಎಳೆ ಲೆಕ್ಕ ಸ್ವಲ್ಪ ಆಚೀಚೆ ಇರಬಹುದು, ಅಪ್ಪನವರನ್ನೇ ಕೇಳಿ ಸರಿಯಾದ ಅಂಕಿ ಹಾಕಿಕೊಳ್ಳಿ.

ಈಗ ಪ್ರಶ್ನೆ ಇಷ್ಟೇ. ಎಲೆಕ್ಟ್ರಾನಿಕ್ ಜಕಾರ್ಡ್ ತಂದರೆ ಈ 1,600ರಲ್ಲಿ ಎಷ್ಟು ಕಡಿಮೆಯಾಗುತ್ತದೆ? ಒಂದೂ ಇಲ್ಲ. ನಿಮ್ಮ ಹೊತ್ತು ಹೋಗುತ್ತಿರುವ ಜಾಗಕ್ಕೂ ಆ ಯಂತ್ರಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಅದು ಏನು ಮಾಡುತ್ತದೆ? ಜಕಾರ್ಡ್ ಅಂದರೆ ಹಾಸಿನ ಎಳೆಗಳನ್ನು ಬೇಕಾದ ಹಾಗೆ ಎತ್ತುವ ಸಾಧನ. ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮರೀ ಜಕಾರ್ಡ್ 1804ರ ಹೊತ್ತಿಗೆ ಅದಕ್ಕೊಂದು ರೂಪ ಕೊಟ್ಟ. ಅದಕ್ಕೆ ತೂತು ಹೊಡೆದ ಕಾರ್ಡ್ ಹಾಕುತ್ತಾರೆ. ತೂತು ಇದ್ದಲ್ಲಿ ಎಳೆ ಎತ್ತುವ ಕೊಕ್ಕೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಒಂದು ಹೊಕ್ಕಿಗೆ, ಅಂದರೆ ಅಡ್ಡಕ್ಕೆ ಹಾಯುವ ಒಂದು ನೂಲಿಗೆ, ಒಂದು ಕಾರ್ಡ್. ಇಂಚಿಗೆ 60 ಹೊಕ್ಕು ಅಂದರೆ ನಾಲ್ಕು ಇಂಚು ಎತ್ತರದ ಬುಟ್ಟಾಗೆ 240 ಕಾರ್ಡ್ ಬೇಕು. ಎಲ್ಲೂ ಮರುಕಳಿಸದ 30 ಇಂಚಿನ ಸೆರಗಿಗೆ 1,800 ಕಾರ್ಡ್. ಡಿಸೈನ್ ಬದಲಾದರೆ ಅಷ್ಟನ್ನೂ ಮತ್ತೆ ತೂತು ಹೊಡೆದು, ದಾರದಿಂದ ಹೊಲಿದು ಏರಿಸಬೇಕು. 1983ರಲ್ಲಿ ಮಿಲಾನ್‌ನ ಜವಳಿ ಯಂತ್ರ ಪ್ರದರ್ಶನದಲ್ಲಿ ಇಂಗ್ಲೆಂಡಿನ ಬೊನಾಸ್ ಕಂಪನಿ ಎಲೆಕ್ಟ್ರಾನಿಕ್ ಜಕಾರ್ಡ್ ತೋರಿಸಿತು. ಅಲ್ಲಿಂದ ಕಾರ್ಡಿನ ಕೆಲಸವನ್ನು ಕಂಪ್ಯೂಟರ್ ಫೈಲ್ ಮಾಡತೊಡಗಿತು. ವಾರಕ್ಕೊಂದು ಡಿಸೈನ್ ಬದಲಿಸುವವರಿಗೆ, ದೊಡ್ಡ ದೊಡ್ಡ ಬ್ರೊಕೇಡ್ ನೇಯುವವರಿಗೆ ಇದು ನಿಜಕ್ಕೂ ವರ.

ನಿಮ್ಮ ಸೀರೆಯಲ್ಲಿ ದಡಿಯ ನಮೂನೆ ಗೋಮಿಯೋ ಪರಾಸೋ ಗಾಡಿಯೋ ಆಗಿರುತ್ತದೆ. ಅದಕ್ಕೆ ಡಾಬಿ (ಸಣ್ಣ ನಮೂನೆಗೆ ಎಳೆ ಎತ್ತುವ ಸರಳ ಸಾಧನ) ಅಥವಾ ಸಣ್ಣ ಜಕಾರ್ಡ್ ಸಾಕು. ಒಮ್ಮೆ ಕಟ್ಟಿದ ದಡಿ ವರ್ಷಗಟ್ಟಲೆ ನಡೆಯುತ್ತದೆ. ಸೆರಗಿನ ಟೋಪ್ ತೆನಿ ಅನ್ನುವ ಕೆಂಪು-ಬಿಳಿ ನಮೂನೆ ನೇಕಾರರ ಕೈಗೆ ಬಾಯಿಪಾಠ. ಇಷ್ಟರ ಮೇಲೆ ಆ ಯಂತ್ರ ಕೂರುವುದು ಮಗ್ಗದ ತಲೆಯ ಮೇಲೆ. ಎಳೆಗಳ ದಾರ ಇಳಿಬಿಡಲು ಸಾಕಷ್ಟು ಎತ್ತರ ಬೇಕು. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಆ ಎತ್ತರ ಸಿಗುವುದು ಕಷ್ಟ. ಕರೆಂಟ್ ಹೋದರೆ ಮಗ್ಗ ನಿಂತಿತು. ಬೋರ್ಡ್ ಕೆಟ್ಟರೆ ರಿಪೇರಿಯವನು ಬರುವ ತನಕ ನಿಂತಿತು. ಆ ದಿನಗಳ ಬಡ್ಡಿಯಂತೂ ನಿಲ್ಲುವುದಿಲ್ಲ. ಅಪ್ಪನವರು ಬೇಡ ಅನ್ನುವುದರಲ್ಲಿ ಅನುಭವ ಇದೆ.

ಹಾಗಂತ ನೀವು ತಪ್ಪು ಅಂತಲ್ಲ. ಹೊಸತು ಬೇಕೇ ಬೇಕು. ಇಳಕಲ್ ಸೀರೆಯ ನಕಲು ಪವರ್‌ಲೂಮಿನಲ್ಲಿ, ಪ್ರಿಂಟಿನಲ್ಲಿ ಬಂದು ಸಂತೆಯಲ್ಲಿ ಕಾಲು ಬೆಲೆಗೆ ಸಿಗುತ್ತಿರುವಾಗ ಕೈಮಗ್ಗದವರು ನಿಂತಲ್ಲೇ ನಿಂತರೆ ಮಜೂರಿ ಏರುವುದಿಲ್ಲ. ಮಜೂರಿ ಏರದಿದ್ದರೆ ನಿಮ್ಮ ನಂತರ ಕುಣಿಗೆ ಇಳಿಯುವವರು ಸಿಗುವುದಿಲ್ಲ. ನನ್ನ ಆತಂಕ ಇದೇ. ಆದ್ದರಿಂದ ಯಂತ್ರವನ್ನು ಎಲ್ಲಿ ಇಡಬೇಕು ಅನ್ನುವುದನ್ನು ಸರಿಯಾಗಿ ಯೋಚಿಸಬೇಕು.

ಪಕ್ಕದ ತೆಲಂಗಾಣದ ಒಂದು ಸಂಗತಿ ಹೇಳುತ್ತೇನೆ. ಪೋಚಂಪಲ್ಲಿ ಇಕತ್ ಸೀರೆ ನಿಮಗೆ ಗೊತ್ತು. ಅದರಲ್ಲಿ ನೂಲಿಗೆ ಗಂಟು ಕಟ್ಟಿ ಬಣ್ಣ ಹಾಕುವ ಮೊದಲು ಆಸು ಅನ್ನುವ ಕೆಲಸ ಇದೆ. ಅರ್ಧ ವೃತ್ತದಲ್ಲಿ ನೆಟ್ಟ ಮೊಳೆಗಳ ಸುತ್ತ ನೂಲನ್ನು ಒಂದೊಂದೇ ಸಲ ಎಳೆದು ಸುತ್ತಬೇಕು. ಒಂದು ಸೀರೆಗೆ ಕೈ ಸಾವಿರಾರು ಸಲ ಹಿಂದೆ ಮುಂದೆ ಹೋಗಬೇಕು. ಮಾಡುವವರು ಹೆಚ್ಚಾಗಿ ಹೆಂಗಸರು. ಭುಜ ಹಿಡಿದುಕೊಂಡು ರಾತ್ರಿ ನಿದ್ದೆ ಬರದ ಕೆಲಸ. ಆಲೇರಿನ ನೇಕಾರರ ಮನೆಯ ಚಿಂತಕಿಂದಿ ಮಲ್ಲೇಶಂ ಈ ಕಷ್ಟವನ್ನು ತಾಯಿಯಲ್ಲಿ ಕಂಡರು. ಶಾಲೆ ಅರ್ಧಕ್ಕೇ ಬಿಟ್ಟವರು. ಏಳೆಂಟು ವರ್ಷ ಒದ್ದಾಡಿ 1999ರಲ್ಲಿ ಆಸು ಯಂತ್ರ ಮಾಡಿದರು, ತಾಯಿಯ ಹೆಸರನ್ನೇ ಇಟ್ಟು ಲಕ್ಷ್ಮಿ ಆಸು ಯಂತ್ರ ಅಂದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಲ್ಲಿ ಗಮನಿಸಬೇಕಾದ್ದು ಅವರು ಯಾವುದನ್ನು ಮುಟ್ಟಲಿಲ್ಲ ಅನ್ನುವುದನ್ನು. ಗಂಟು ಎಲ್ಲಿ ಕಟ್ಟಬೇಕು, ಯಾವ ಬಣ್ಣ ಎಲ್ಲಿಗೆ ಬರಬೇಕು ಅನ್ನುವುದು ನೇಕಾರರ ಕೈಯಲ್ಲೇ ಉಳಿಯಿತು. ಬರೀ ನೋವು ಕೊಡುವ ಕೆಲಸ ಯಂತ್ರಕ್ಕೆ ಹೋಯಿತು. ಆಸು ಬೇಗ ಮುಗಿಯುವುದರಿಂದ ಹೊಸ ಡಿಸೈನ್ ಹಾಕಿ ನೋಡುವ ಧೈರ್ಯವೂ ಬಂತು. ನಿಮ್ಮ ಮನೆಯಲ್ಲೂ ಒಂದು ವಾರ ಕೂತು ಬರೆದಿಡಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು, ಯಾರಿಗೆ ಎಲ್ಲಿ ನೋವು. ಅವ್ವ ಕಂಡಿಕೆ ಸುತ್ತುವ ರಾಟೆಗೆ ಮೋಟಾರ್ ಇದೆಯಾ? ಇಲ್ಲದಿದ್ದರೆ ನಿಮ್ಮ ಡಿಪ್ಲೊಮಾದ ಮೊದಲ ಉಪಯೋಗ ಅದೇ ಆಗಲಿ. ಖರ್ಚು ಕಡಿಮೆ, ಫಲ ಮರುದಿನವೇ ಕಾಣುತ್ತದೆ.

ಕೊಂಡಿ ಹಾಕುವುದಕ್ಕೆ ಸಹಾಯ ಮಾಡುವ ಒಂದು ಚೌಕಟ್ಟು ಮಾಡಲು ಸಾಧ್ಯವೇ ಅಂತಲೂ ಯೋಚಿಸಿ. ಎರಡೂ ಹಾಸಿನ ಕುಣಿಕೆಗಳನ್ನು ಸಮ ಬಿಗಿಯಲ್ಲಿ, ಕಣ್ಣಿನ ಮಟ್ಟದಲ್ಲಿ, ಒಳ್ಳೆಯ ಬೆಳಕಿನಲ್ಲಿ ಹಿಡಿದಿಡುವ ಸಾಧನ. ಕೊಂಡಿಯನ್ನು ಕೈಯೇ ಹಾಕಲಿ, ಬೆನ್ನು ಬಗ್ಗುವುದು ತಪ್ಪಲಿ. ಎಲೆಕ್ಟ್ರಾನಿಕ್ ಜಕಾರ್ಡ್‌ಗಿಂತ ಇಂಥದ್ದೊಂದು ಇಳಕಲ್‌ಗೆ ಹೆಚ್ಚು ಬೇಕಾಗಿದೆ ಅಂತ ನಾನು ನಂಬುತ್ತೇನೆ. ಮಗ್ಗದ ಮನೆಯಲ್ಲಿ ಹುಟ್ಟಿ ಟೆಕ್ಸ್‌ಟೈಲ್ ಓದಿದ ನಿಮ್ಮಂಥವರೇ ಅದನ್ನು ಮಾಡಬೇಕು.

ಈಗ ಸಾಫ್ಟ್‌ವೇರ್ ವಿಷಯ. ಡಿಜಿಬುನಾಯಿ ಅಂತ ಒಂದಿದೆ. ಕೇಂದ್ರ ಸರ್ಕಾರದ ಡಿಜಿಟಲ್ ಇಂಡಿಯಾ ಕಾರ್ಪೊರೇಷನ್ ನೇಕಾರರಿಗೆಂದೇ ಮಾಡಿಸಿದ ಓಪನ್ ಸೋರ್ಸ್ ತಂತ್ರಾಂಶ. ಜಕಾರ್ಡ್, ಡಾಬಿ ಎರಡಕ್ಕೂ ಆಗುತ್ತದೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮೊದಲು ಇದರಲ್ಲಿ ಕೈ ಪಳಗಿಸಿ.

ತರಬೇತಿಯಲ್ಲಿ ಬರೆದ ಚಿತ್ರ ಮಗ್ಗ ಏರಲಿಲ್ಲ ಅಂದಿರಲ್ಲ, ಅದು ಯಾಕೆ ಅಂತ ನನಗೆ ಬಹುತೇಕ ಖಾತ್ರಿ ಇದೆ. ಚಿತ್ರಕ್ಕೂ ನೇಯ್ಗೆಗೂ ನಡುವೆ ಗ್ರಾಫ್ ಇದೆ, ಅಂದರೆ ಅಡ್ಡ ಸಾಲಿನಲ್ಲಿ ಒಂದು ಚೌಕಕ್ಕೆ ಒಂದು ಎಳೆ, ಉದ್ದ ಸಾಲಿನಲ್ಲಿ ಒಂದು ಚೌಕಕ್ಕೆ ಒಂದು ಹೊಕ್ಕು ಅಂತ ಹಾಕಿದ ನಕ್ಷೆ. ಆ ಗ್ರಾಫ್ ಹಾಕಿಕೊಡುವ ಕೆಲಸ ಯಾರೂ ಮಾಡಲಿಲ್ಲ. ಸಣ್ಣ ಉದಾಹರಣೆ ನೋಡಿ. ಡಿಸೈನರ್ ಕಂಪ್ಯೂಟರಿನಲ್ಲಿ ಒಂದು ಗುಂಡು ಬುಟ್ಟಾ ಬರೆದರು. ಅಗಲ 120 ಚೌಕ, ಎತ್ತರ 120 ಚೌಕ. ಪರದೆಯ ಮೇಲೆ ಚೊಕ್ಕ ವೃತ್ತ. ನಿಮ್ಮ ಮಗ್ಗದಲ್ಲಿ ಇಂಚಿಗೆ 80 ಎಳೆ, 60 ಹೊಕ್ಕು ಅಂದರೆ 120 ಎಳೆ ಒಂದೂವರೆ ಇಂಚು ಆಗುತ್ತದೆ, 120 ಹೊಕ್ಕು ಎರಡು ಇಂಚು ಆಗುತ್ತದೆ. ಬಟ್ಟೆಯಲ್ಲಿ ಬರುವುದು ಉದ್ದನೆಯ ಮೊಟ್ಟೆ. ನವಿಲು ಬರೆದರೆ ಕೊಕ್ಕರೆಯ ಕುತ್ತಿಗೆ ಬರುತ್ತದೆ. ಸರಿಯಾದ ವೃತ್ತ ಬೇಕಾದರೆ 120 ಎಳೆಗೆ 90 ಹೊಕ್ಕು ಹಾಕಿ ಬರೆಯಬೇಕು. ಸಾಫ್ಟ್‌ವೇರಿನಲ್ಲಿ ಎಳೆ, ಹೊಕ್ಕಿನ ಲೆಕ್ಕವನ್ನು ಮೊದಲೇ ತುಂಬಿಸಿದರೆ ಅದು ಚೌಕವನ್ನು ತಾನೇ ಸರಿಪಡಿಸುತ್ತದೆ. ಆದರೆ ಆ ಲೆಕ್ಕ ಹೇಳಬೇಕಾದವರು ಅಪ್ಪ.

ಇನ್ನೊಂದು ತೊಂದರೆ ಬಟ್ಟೆಯ ಹಿಂಬದಿಯಲ್ಲಿ ಅಡಗಿರುತ್ತದೆ. ಬುಟ್ಟಾದ ಹೆಚ್ಚುವರಿ ಹೊಕ್ಕು ಎದುರಿಗೆ ಕಾಣದಿರುವಾಗ ಹಿಂದೆ ಸಡಿಲವಾಗಿ ಹಾದುಹೋಗುತ್ತದೆ. 24 ಎಳೆಯ ಕೆಳಗೆ ಹಾದರೆ ಕಾಲು ಇಂಚಿಗಿಂತ ಜಾಸ್ತಿ ಉದ್ದದ ಸಡಿಲ ದಾರ. ಸೀರೆ ಉಟ್ಟವರ ಕಾಲುಂಗುರಕ್ಕೆ, ಬಳೆಗೆ ಸಿಕ್ಕಿ ಎಳೆದರೆ ಮುಗಿಯಿತು, ಎದುರಿನ ಹೂವೂ ಸುಕ್ಕುಗಟ್ಟುತ್ತದೆ. ಒಂದೋ ಅಲ್ಲಲ್ಲಿ ಹಿಡಿಗಂಟಿನ ಹಾಗೆ ಎಳೆ ಕಟ್ಟಬೇಕು, ಇಲ್ಲವೇ ಹೂವಿನ ಒಳಗೇ ಸಣ್ಣ ಗೆರೆ ತಂದು ಉದ್ದ ಮುರಿಯಬೇಕು. ಹಳೆಯ ಬುಟ್ಟಾಗಳಲ್ಲಿ ಎಲೆಯ ನಡುವೆ ನರ, ಹೂವಿನ ನಡುವೆ ಚುಕ್ಕೆ ಇರುತ್ತಲ್ಲ, ಅವು ಅಂದಕ್ಕೆ ಮಾತ್ರ ಬಂದದ್ದಲ್ಲ. ದಾರ ಹಿಡಿಯಲು ಬಂದು ಅಂದವೂ ಆದವು. ಸಾಫ್ಟ್‌ವೇರ್ ಈ ಸಡಿಲ ದಾರಗಳನ್ನು ಬಣ್ಣ ಹಚ್ಚಿ ತೋರಿಸುತ್ತದೆ. ಎಲ್ಲಿ ಮುರಿದರೆ ಹೂವು ಕೆಡುವುದಿಲ್ಲ ಅನ್ನುವುದು ನೇಕಾರರ ಕಣ್ಣಿಗೇ ಗೊತ್ತಾಗಬೇಕು.

ಆದ್ದರಿಂದ ಡಿಸೈನರ್ ಜೊತೆ ಕೆಲಸ ಮಾಡುವ ಪದ್ಧತಿ ಬದಲಾಗಬೇಕು. 1950ರ ದಶಕದಲ್ಲಿ, ಕೈಮಗ್ಗ ಮತ್ತು ಕರಕುಶಲಕ್ಕಾಗಿ ದುಡಿದ ಪುಪುಲ್ ಜಯಕರ್ ಅವರ ಕಾಳಜಿಯಿಂದ ನೇಕಾರರ ಸೇವಾ ಕೇಂದ್ರಗಳು ಶುರುವಾದಾಗ ಕಲಾವಿದರನ್ನೇ ನೇಮಿಸಿಕೊಂಡಿದ್ದರು. ಕೆ. ಜಿ. ಸುಬ್ರಮಣ್ಯನ್ ಅಂಥ ದೊಡ್ಡ ಚಿತ್ರಕಾರರು 1959ರಿಂದ 1961ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ಡಿಸೈನ್ ವಿಭಾಗದಲ್ಲಿದ್ದರು. ಚಿತ್ರಕಾರ, ಬಣ್ಣಗಾರ, ನೇಕಾರ ಒಂದೇ ಸೂರಿನಡಿ ಇರಬೇಕು ಅನ್ನುವುದು ಆ ಯೋಜನೆಯ ತಿರುಳು. ನಾಲ್ಕು ದಿನದ ಶಿಬಿರಕ್ಕೆ ಆ ಶಕ್ತಿ ಇಲ್ಲ. ಬೆಂಗಳೂರಿನಲ್ಲಿ ಈಗಲೂ ನೇಕಾರರ ಸೇವಾ ಕೇಂದ್ರ ಇದೆ, ಹೋಗಿ ಮಾತಾಡಿ. ಮಗ್ಗ, ಡಾಬಿ, ಜಕಾರ್ಡ್‌ನಂಥ ಸಲಕರಣೆಗೆ ಸಹಾಯಧನ ಕೊಡುವ ಕೇಂದ್ರ ಯೋಜನೆಗಳಿವೆ. ಬ್ಯಾಂಕ್ ಬಾಗಿಲಿಗೆ ಹೋಗುವ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಇದರಲ್ಲಿ ದುಡ್ಡಿನ ಮಾತೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಜೂರಿ ನೇಕಾರರಿಗೆ ಸೀರೆಗೆ ಇಷ್ಟು ಅಂತ ಕೂಲಿ. ಹೊಸ ಡಿಸೈನ್ ಹಾಕಿದರೆ ಮೊದಲ ಸೀರೆಗೆ ಎರಡು ಪಟ್ಟು ದಿನ ಹಿಡಿಯುತ್ತದೆ, ಎಳೆ ಹರಿಯುತ್ತದೆ, ಬಿಚ್ಚಿ ಮತ್ತೆ ನೇಯಬೇಕಾಗುತ್ತದೆ. ಆ ನಷ್ಟ ನೇಕಾರನ ತಲೆ ಮೇಲೆ ಬಿದ್ದರೆ ಅವನು ಹೊಸತನ್ನು ಯಾಕೆ ಒಪ್ಪಬೇಕು? ಪ್ರಯೋಗದ ಮಗ್ಗದ ಮೇಲೆ ದಿನಗೂಲಿ ಕೊಡಿ, ಸೀರೆ ಬರಲಿ ಬಿಡಲಿ. ಈ ಒಂದು ಬದಲಾವಣೆ ಯಾವ ಯಂತ್ರಕ್ಕಿಂತಲೂ ಜಾಸ್ತಿ ಹೊಸತನ ತರುತ್ತದೆ. ಯಾರಾದರೂ ಡಿಸೈನರ್ ನಿಮ್ಮ ಜೊತೆ ಕೆಲಸ ಮಾಡಲು ಬಂದರೆ ಮೊದಲ ಮಾತು ಇದೇ ಇರಲಿ: ಮಾದರಿ ನೇಯುವ ದಿನಗಳ ಕೂಲಿ ಯಾರು ಕೊಡುತ್ತೀರಿ?

ಬಣ್ಣದ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಮೊದಲ ಬಂಡವಾಳ ಇಲ್ಲಿಗೆ ಹೋಗಬೇಕು. ಬಣ್ಣ ನೀವೇ ಹಾಕಿದರೂ ಸರಿ, ಹೊರಗೆ ಹಾಕಿಸಿದರೂ ಸರಿ. ಸೆರಗಿನ ಕೆಂಪು ಒಗೆದಾಗ ಬಿಳಿ ತೆನಿಯ ಮೇಲೆ ಹರಡಿತು ಅಂತ ಎಷ್ಟು ಗಿರಾಕಿಗಳು ಕೊರಗಿಲ್ಲ! ಒಮ್ಮೆ ಹಾಗಾದ ಮನೆಯಲ್ಲಿ ಎರಡನೇ ಇಳಕಲ್ ಸೀರೆ ಕೊಳ್ಳುವುದಿಲ್ಲ. ಹೊಸ ಡಿಸೈನು ಎಷ್ಟೇ ಚಂದ ಇರಲಿ, ಕೆಂಪು ಬಿಟ್ಟರೆ ಎಲ್ಲ ಹೋಯಿತು.

ಇದಕ್ಕೆ ಬೇಕಾದ ತಂತ್ರಜ್ಞಾನ ತುಂಬ ಸಾದಾ. ಗ್ರಾಂ ತೋರಿಸುವ ತಕ್ಕಡಿ, ಥರ್ಮಾಮೀಟರ್, ಪಿಎಚ್ ಕಾಗದ, ಒಂದು ನೋಟ್‌ಬುಕ್. ಒಂದು ಕಿಲೋ ನೂಲಿಗೆ 3 ಪರ್ಸೆಂಟ್ ಶೇಡ್ ಅಂದರೆ 30 ಗ್ರಾಂ ಬಣ್ಣ. ಚಮಚದ ಲೆಕ್ಕ ಬಿಟ್ಟು ಗ್ರಾಂ ಲೆಕ್ಕಕ್ಕೆ ಬನ್ನಿ. ರೇಷ್ಮೆಗೆ ಆಸಿಡ್ ಅಥವಾ ಮೆಟಲ್ ಕಾಂಪ್ಲೆಕ್ಸ್ ಬಣ್ಣ, ಹತ್ತಿಗೂ ವಿಸ್ಕೋಸ್ ಆರ್ಟ್ ಸಿಲ್ಕಿಗೂ ರಿಯಾಕ್ಟಿವ್ ಇಲ್ಲವೇ ವ್ಯಾಟ್ ಬಣ್ಣ ಅಂತ ನೀವು ಓದಿದ್ದೀರಿ. ರಿಯಾಕ್ಟಿವ್ ಹಾಕಿದ ಮೇಲೆ ಬಿಸಿ ಸೋಪು ನೀರಲ್ಲಿ ತೊಳೆದು, ಅಂಟದೆ ಉಳಿದ ಬಣ್ಣ ಹೊರಗೆ ತೆಗೆಯಬೇಕು. ಹೊತ್ತು, ನೀರು, ಸೌದೆ ಉಳಿಸಲು ಹೆಚ್ಚಿನವರು ಬಿಡುವುದು ಈ ಹಂತವನ್ನೇ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದನ್ನೂ ಪರೀಕ್ಷಿಸಿ. ಗಡಸು ನೀರಲ್ಲಿ ಬಣ್ಣ ಮಂಕಾಗುತ್ತದೆ, ಪಟ್ಟೆ ಪಟ್ಟೆ ಬರುತ್ತದೆ. ಕೆಲವು ಅಜೋ ಬಣ್ಣಗಳು ನಮ್ಮ ದೇಶದಲ್ಲಿ 1990ರ ದಶಕದಿಂದಲೇ ನಿಷೇಧವಾಗಿವೆ, ಕೊಳ್ಳುವಾಗ ಬಿಲ್ ಕೇಳಿ, ಡಬ್ಬದ ಮೇಲಿನ ಹೆಸರು ನೋಡಿ.

ಬಣ್ಣ ಹಾಕಿದ ಪ್ರತಿ ನೂಲಿನ ಲಡಿಯಿಂದ ಒಂದು ತುಂಡು ತೆಗೆಯಿರಿ. ಎರಡು ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು, ಸೋಪು ನೀರಲ್ಲಿ ನೆನೆಸಿ, ಹಿಂಡಿ, ತೂಕದ ಕೆಳಗೆ ಒಣಗಲು ಬಿಡಿ. ಬಿಳಿ ಬಟ್ಟೆ ಎಷ್ಟು ಕೆಂಪಾಯಿತು ಅಂತ ನೋಡಿ. ಪ್ರಯೋಗಶಾಲೆಯಲ್ಲಿ ಇದನ್ನೇ ಗ್ರೇ ಸ್ಕೇಲ್ ಹಿಡಿದು 1ರಿಂದ 5ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ, 5 ಅಂದರೆ ಸ್ವಲ್ಪವೂ ಬಿಟ್ಟಿಲ್ಲ ಅಂತ. 4ಕ್ಕಿಂತ ಕಡಿಮೆ ಬಂದ ಕೆಂಪು ನಿಮ್ಮ ಮಗ್ಗ ಹತ್ತಬಾರದು. ಆ ತುಂಡನ್ನು ನೋಟ್‌ಬುಕ್ಕಿಗೆ ಅಂಟಿಸಿ ಪಕ್ಕದಲ್ಲಿ ಲೆಕ್ಕ ಬರೆದಿಟ್ಟರೆ, ಆರು ತಿಂಗಳ ನಂತರ ಅದೇ ನೀಲಿ ಬೇಕು ಅಂದ ಗಿರಾಕಿಗೆ ಅದೇ ನೀಲಿ ಕೊಡಬಹುದು. ಆನ್‌ಲೈನ್‌ನಲ್ಲಿ ಮಾರುವ ಆಸೆ ಇದ್ದರೆ ಇದಿಲ್ಲದೆ ಆಗುವುದೇ ಇಲ್ಲ.

ಮೈಸೂರು ಸಿಲ್ಕ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಹೊಸ ಡಿಸೈನ್ ಅಂದ ಕೂಡಲೇ ಎಲ್ಲರ ಕಣ್ಣು ಹೂಬಳ್ಳಿಯ ಕಡೆ ಹೋಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1912ರಲ್ಲಿ ಆ ಕಾರ್ಖಾನೆ ಶುರುವಾಯಿತು, ಮಗ್ಗ ಸ್ವಿಟ್ಜರ್ಲೆಂಡಿನಿಂದ ಬಂದವು. ಆ ಸೀರೆಯ ಒಡಲಿನಲ್ಲಿ ಹೆಚ್ಚಿನ ಸಲ ಏನೂ ಚಿತ್ರ ಇಲ್ಲ. ಇರುವುದು ಜರಿ ದಡಿ ಮತ್ತು ಬಟ್ಟೆಯ ಇಳಿಬೀಳು. ಆ ಇಳಿಬೀಳು ಬಂದದ್ದು ನೂಲಿನ ಹುರಿಯಿಂದ. ಕ್ರೇಪ್ ನೇಯ್ಗೆಯಲ್ಲಿ ಹೊಕ್ಕಿನ ನೂಲಿಗೆ ಬಿಗಿಯಾಗಿ ಹುರಿ ಹಾಕುತ್ತಾರೆ, ಎಡ ಹುರಿ, ಬಲ ಹುರಿ ಸರದಿಯಂತೆ ಹೊಡೆಯುತ್ತಾರೆ. ಆಮೇಲೆ ಬಟ್ಟೆಯನ್ನು ಕುದಿಸಿ ರೇಷ್ಮೆಯ ಅಂಟು ತೆಗೆದಾಗ ನೂಲು ಬಿಚ್ಚಿಕೊಳ್ಳಲು ನೋಡುತ್ತದೆ. ಒಂದು ಈ ಕಡೆ, ಇನ್ನೊಂದು ಆ ಕಡೆ. ಮೈಮೇಲೆ ಸಣ್ಣ ಅಲೆ ಏಳುತ್ತದೆ, ಬಟ್ಟೆ ನೀರಿನ ಹಾಗೆ ಜಾರುತ್ತದೆ. ಆ ಕಾರ್ಖಾನೆಯ ಹೆಸರು ನೂರು ವರ್ಷದಿಂದ ಉಳಿದಿರುವುದು ಈ ಗುಣದ ಮೇಲೆ. ಮಲೆನಾಡಿನ ಹೆಗ್ಗೋಡಿನ ಚರಕ ಸಂಸ್ಥೆಯವರು ಅಡಿಕೆ ಬೇಯಿಸಿದ ಚೊಗರಿನಿಂದ ಹತ್ತಿಗೆ ಬಣ್ಣ ಕಟ್ಟಿದ್ದೂ ಇದೇ ಬಗೆಯ ಯೋಚನೆ. ಸುತ್ತ ಸಿಗುವ ವಸ್ತುವಿನಿಂದಲೇ ಅವರ ಬಟ್ಟೆಯ ಗುರುತು ಹುಟ್ಟಿತು.

ನಿಮ್ಮ ಪ್ರಯೋಗದ ಮಗ್ಗದಲ್ಲೂ ನೂಲಿನಿಂದ ಶುರು ಮಾಡಿ ಅಂತ ನಾನು ಹೇಳುವುದು ಇದಕ್ಕೇ. ಹಾಸು ಅದೇ ಇರಲಿ. ಒಂದು ಮೊಳ ಲಿನನ್ ಹೊಕ್ಕು ಹೊಡೆದು ನೋಡಿ, ಒಂದು ಮೊಳ ಎರಿ ರೇಷ್ಮೆ, ಒಂದು ಮೊಳ ಇನ್ನೂ ಸಣ್ಣ ಎಳೆಯ ಹತ್ತಿ. ಒಂದೇ ಹಾಸಿನಲ್ಲಿ ನಾಲ್ಕೈದು ಬಗೆಯ ಬಟ್ಟೆ ಬರುತ್ತದೆ. ಒಗೆದು, ಇಸ್ತ್ರಿ ಮಾಡಿ, ಅವ್ವನ ಕೈಗೆ ಕೊಟ್ಟು ಯಾವುದು ಉಡಲು ಹಿತ ಅಂತ ಕೇಳಿ. ಅವರ ಮಾತಿಗೆ ಬೆಲೆ ಕೊಡಿ, ಸೀರೆಯನ್ನು ದಿನವಿಡೀ ಉಟ್ಟು ಕೆಲಸ ಮಾಡುವವರು ಅವರು.

ಒಡಲಿನ ಚೌಕಳಿ, ಪಟ್ಟೆಗಳಿಗೆ ಜಕಾರ್ಡ್ ಬೇಕೇ ಬೇಡ. ಹಾಸಿನಲ್ಲಿ ಯಾವ ಬಣ್ಣ ಎಷ್ಟು ಎಳೆ, ಹೊಕ್ಕಿನಲ್ಲಿ ಯಾವ ಬಣ್ಣ ಎಷ್ಟು ಹೊಡೆತ, ಇಷ್ಟೇ. ಸಾಫ್ಟ್‌ವೇರ್ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿ. ಒಂದು ಸಂಜೆಯಲ್ಲಿ ಐವತ್ತು ಚೌಕಳಿ ಪರದೆಯ ಮೇಲೆ ನೋಡಿ, ಎರಡನ್ನು ಆರಿಸಿ, ಅವನ್ನು ಮಾತ್ರ ಹಾಸಿಗೆ ತರಬಹುದು. ನಿಮ್ಮಲ್ಲಿ ಪ್ರತಿ ಸೀರೆಗೂ ಹಾಸು ಬೇರೆಯಾದ್ದರಿಂದ ಪ್ರತಿ ಸೀರೆಯ ಬಣ್ಣವೂ ಬೇರೆ ಆಗಬಹುದು. ದೊಡ್ಡ ಮಿಲ್ಲಿಗೆ ಒಂದೇ ಒಂದು ಸೀರೆಗೆ ಹಾಸು ಬದಲಿಸುವುದು ಗಿಟ್ಟುವುದಿಲ್ಲ. ನಿಮಗೆ ಅದು ದಿನದ ಕೆಲಸ. ಇಷ್ಟು ಹೊತ್ತು ಕಷ್ಟ ಅಂತ ಹೇಳಿದ ಸಂಗತಿಯನ್ನೇ ಗಿರಾಕಿಗೆ ಮಾರಬಹುದು: ನಿಮ್ಮ ಬಣ್ಣ ನೀವೇ ಆರಿಸಿ, ಆ ಸೀರೆ ಇನ್ನೊಂದು ಇರುವುದಿಲ್ಲ. ಪರದೆಯ ಚಿತ್ರ ಕಳಿಸಿ, ಒಪ್ಪಿಗೆ ಪಡೆದು, ಅರ್ಧ ಹಣ ಮುಂಗಡ ತೆಗೆದುಕೊಂಡು ಹಾಸು ಹಾಕಿ. ನನಗೆ ನಿಮ್ಮ ಮನೆಗೆ ಅತ್ಯಂತ ಹೊಂದುವ ಹೊಸತನ ಇದೇ ಅನಿಸುತ್ತದೆ.

ಸಣ್ಣ ಪನ್ನದ, ಅಂದರೆ ಕಡಿಮೆ ಅಗಲದ ಬಟ್ಟೆಯನ್ನೂ ಯೋಚಿಸಿ. 22 ಇಂಚಿನ ಸ್ಟೋಲ್‌ಗೆ ಅದೇ ಲೆಕ್ಕದಲ್ಲಿ 1,760 ಎಳೆ, 880 ಕೊಂಡಿ. ಒಂದೇ ತುದಿಗೆ ತೆನಿ ಇಟ್ಟರೆ ಕೊಂಡಿಯ ಕೆಲಸ ಅರ್ಧದಷ್ಟಾಗುತ್ತದೆ. ಎರಡೂ ತುದಿಗೆ ಇಟ್ಟರೆ ಮತ್ತೆ ಸೀರೆಯಷ್ಟೇ ಆಯಿತು, ಬೆಲೆ ಮಾತ್ರ ಸೀರೆಯಷ್ಟು ಸಿಗುವುದಿಲ್ಲ. ಡಿಸೈನರ್‌ಗಳು ಎರಡೂ ತುದಿ ಕೇಳುತ್ತಾರೆ, ಲೆಕ್ಕ ತೋರಿಸಿ ಮಾತಾಡಿ. ಗುಳೇದಗುಡ್ಡದ ಖಣ ಕುಪ್ಪಸದಿಂದ ಬ್ಯಾಗು, ಕುಶನ್ ಕವರಿನವರೆಗೂ ಬಂದಿದೆ, ಹಾಗೆ ನಿಮ್ಮ ದಡಿಗೂ ದಾರಿಗಳಿವೆ.

ಕಾನೂನಿನ ಎರಡು ಮಾತು. 1985ರ ಕೈಮಗ್ಗ ಮೀಸಲು ಕಾಯ್ದೆಯಲ್ಲಿ ಕೈಮಗ್ಗದಲ್ಲೇ ನೇಯಬೇಕು ಅಂತ ಮೊದಲು 22 ಬಗೆಯ ಬಟ್ಟೆ ಇದ್ದವು, ಈಗ 11 ಉಳಿದಿವೆ, ಅದರಲ್ಲಿ ಸೀರೆ ಇದೆ. ಮಗ್ಗಕ್ಕೆ ಮೋಟಾರ್ ಕೂರಿಸಿದರೆ ಅದು ಕೈಮಗ್ಗ ಅಲ್ಲ ಅಂತಾಗಬಹುದು. ಆಗ ಕೈಮಗ್ಗದ ಬಟ್ಟೆ ಅನ್ನಲು ಕೊಡುವ ಹ್ಯಾಂಡ್‌ಲೂಮ್ ಮಾರ್ಕ್ ಗುರುತು ಹೋಗುತ್ತದೆ, ಮೀಸಲು ಸೀರೆ ನೇಯುವುದೇ ತಪ್ಪಾಗುತ್ತದೆ. ಜಕಾರ್ಡ್ ಎತ್ತಲು ಏನೇ ಜೋಡಿಸುವ ಮೊದಲು ಕೈಮಗ್ಗ ಇಲಾಖೆಯಲ್ಲಿ ಬರಹದಲ್ಲಿ ಕೇಳಿ. ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ. ಕೊಂಡಿ ಇಲ್ಲದ, ತೆನಿ ಇಲ್ಲದ ಬಟ್ಟೆಯನ್ನು ಆ ಹೆಸರಲ್ಲಿ ಮಾರಬೇಡಿ. ಪ್ರಯೋಗದ ಬಟ್ಟೆಗೆ ಬೇರೆ ಹೆಸರಿಡಿ. ಇಳಕಲ್ ಅನ್ನುವ ಹೆಸರು ಊರಿನ ಎಲ್ಲ ನೇಕಾರರ ಆಸ್ತಿ.

ನಿಮ್ಮದೇ ಹೊಸ ಡಿಸೈನ್ ಇದ್ದರೆ 2000ರ ಡಿಸೈನ್ ಕಾಯ್ದೆಯಡಿ ನೋಂದಾಯಿಸಬಹುದು. 10 ವರ್ಷ ರಕ್ಷಣೆ, ಇನ್ನೂ 5 ವರ್ಷ ಮುಂದುವರಿಸಬಹುದು. ಆದರೆ ಅರ್ಜಿ ಹಾಕುವ ಮೊದಲು ಅದು ಎಲ್ಲೂ ಪ್ರಕಟವಾಗಿರಬಾರದು. ಖುಷಿಯಲ್ಲಿ ವಾಟ್ಸ್ಆ್ಯಪ್ ಗುಂಪಿಗೆ, ಇನ್‌ಸ್ಟಾಗ್ರಾಮಿಗೆ ಫೋಟೊ ಹಾಕಿಬಿಟ್ಟರೆ ಹಕ್ಕು ಕಳೆದುಕೊಳ್ಳುತ್ತೀರಿ. ಗೋಮಿ, ತೆನಿಯಂಥ ಹಳೆಯದನ್ನು ಯಾರೂ ತಮ್ಮದು ಅಂತ ನೋಂದಾಯಿಸಲು ಬರುವುದಿಲ್ಲ.

ಎಲೆಕ್ಟ್ರಾನಿಕ್ ಜಕಾರ್ಡ್ ಯಾವಾಗ ತರಬಹುದು? ಪ್ರಯೋಗದ ಮಗ್ಗದಲ್ಲಿ ಒಡಲಿನ ಬುಟ್ಟಾಗೆ ಗಿರಾಕಿ ಸಿಕ್ಕು, ಕಾರ್ಡ್ ಬದಲಿಸುವುದಕ್ಕೇ ತಿಂಗಳಲ್ಲಿ ಹಲವು ದಿನ ಹೋಗುತ್ತಿದೆ ಅಂತ ನಿಮ್ಮ ನೋಟ್‌ಬುಕ್ ತೋರಿಸಿದಾಗ. ಆಗಲೂ ಒಬ್ಬರೇ ಕೊಳ್ಳಬೇಡಿ. ನಾಲ್ಕಾರು ಮನೆ ಸೇರಿ, ಎತ್ತರದ ಸೂರಿರುವ ಒಂದು ಶೆಡ್ಡಿನಲ್ಲಿ ಒಂದನ್ನು ಇಡಿ. ಸೊಸೈಟಿ ಮೂಲಕ ಹೋದರೆ ಸಹಾಯಧನವೂ ಸುಲಭ ಆಗಬಹುದು.

ಸದ್ಯಕ್ಕೆ ಒಂದು ಕೆಲಸ ಮಾಡಿ. ಈ ವಾರ ಅಪ್ಪನವರ ಪಕ್ಕ ಕೂತು ನಿಮ್ಮ ನಾಲ್ಕೂ ಮಗ್ಗದ ಎಳೆ, ಹೊಕ್ಕು, ಪನ್ನ, ಕೊಂಡಿಗೆ ಹಿಡಿಯುವ ಹೊತ್ತು ಬರೆದುಕೊಳ್ಳಿ. ಅದೇ ಅಂಕಿ ಹಾಕಿ ಸಾಫ್ಟ್‌ವೇರಿನಲ್ಲಿ ಒಂದು ಚೌಕಳಿ, ಒಂದು ಸಣ್ಣ ಬುಟ್ಟಾ ಮಾಡಿ. ಅವರಿಗೆ ತೋರಿಸಿ, ಅವರು ಹೇಳಿದ ತಿದ್ದುಪಡಿ ಮಾಡಿ, ಒಂದು ಮೊಳ ನೇಯಿಸಿ. ಬಟ್ಟೆಯ ಫೋಟೊ ನನಗೆ ಕಳಿಸುವಾಗ ಎದುರಿನದ್ದರ ಜೊತೆ ಹಿಂಬದಿಯದ್ದೂ ಕಳಿಸಿ. ಸಡಿಲ ದಾರ ಎಲ್ಲಿ ಮುರಿಯಬೇಕು ಅಂತ ನೋಡಿ ಬರೆಯುತ್ತೇನೆ.